ಬೀಗ ಕಾಯುವವನ ಕೂಲಿ

ಅಂಗಡಿಯವರು ಮೊಬೈಲಿನಿಂದ ಬ್ಯಾಂಕಿನ ವ್ಯವಹಾರ ಮಾಡುವಾಗ ಸಂದೇಶ ಗುಪ್ತಲಿಪಿಯಲ್ಲಿ ಸಾಗುತ್ತದೆ. ನಡುವೆ ಕದ್ದು ನೋಡಿದವನಿಗೆ ಅರ್ಥವಾಗದು. ಇಂಥ ಬೀಗ ಹಾಕುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬುದು ಮುಖ್ಯವಾದದ್ದು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಅದು ಹೀಗೆ ಎಲ್ಲರ ಸೊತ್ತಾಗಿರುವುದನ್ನು ನಾವು ಮೆಚ್ಚುತ್ತೇವೆ.

ಆದರೆ ಈ ಸೊತ್ತನ್ನು ಕಾಯುವವರು ಯಾರು? 2012ರಲ್ಲಿ ಬಳಕೆಗೆ ಬಂದ ಆವೃತ್ತಿಯಲ್ಲಿದ್ದ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾದದ್ದು 2014ರ ಏಪ್ರಿಲಿನಲ್ಲಿ. ಅದರಿಂದ ಪಾಸ್‌ವರ್ಡುಗಳಷ್ಟೇ ಅಲ್ಲ, ಬೀಗದ ಕೈಯೇ ಕಳ್ಳರ ಪಾಲಾಗಬಹುದಿತ್ತು. ಆಗ ಲೋಕಕ್ಕೆ ತಿಳಿಯಿತು: ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ, ಪೂರ್ತಿ ವೇಳೆ ದುಡಿಯುತ್ತಿದ್ದವನು ಒಬ್ಬನೇ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು! ಅದೇ ಬೀಗವನ್ನು ನಂಬಿ ದೊಡ್ಡ ಕಂಪನಿಗಳು ಕೋಟಿ ಕೋಟಿ ಗಳಿಸುತ್ತಿದ್ದವು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಗೂಗಲ್, ಮೈಕ್ರೋಸಾಫ್ಟ್ ಮೊದಲಾದವು ಆಮೇಲೆ ಸೇರಿ ನಿಧಿ ಕೂಡಿಸಿದವು.

ಗಿರಣಿಯ ಬಾಯ್ಲರ್ ನೋಡಿಕೊಳ್ಳುವವನಿಗೆ ಅದು ಸಿಡಿದ ಮೇಲೆ ಸಂಬಳ ಗೊತ್ತುಮಾಡುವುದುಂಟೇ? ತೆರೆದಿಟ್ಟ ಮಾತ್ರಕ್ಕೆ ತಪ್ಪು ತಾನಾಗಿ ಕಾಣದು. ಓದುವ ಕಣ್ಣು ಬೇಕು, ಆ ಕಣ್ಣುಳ್ಳವನಿಗೆ ಅನ್ನ ಬೇಕು. ಈ ಬೀಗದಿಂದ ಲಾಭ ಪಡೆಯುವ ಕಂಪನಿಗಳೂ, ಅದನ್ನು ನಂಬಿದ ಸರ್ಕಾರಗಳೂ ವರ್ಷವರ್ಷವೂ ತಪ್ಪದೆ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕೆಂಬುದೇ ನಮ್ಮ ಒತ್ತಾಯ.