ಕಲ್ಲೆದೆಯ ಕಥೆ, ಎರಡನೆಯ ಸಾರಿ

ಕೊನೆ ತಿಳಿದ ಕಥೆಯನ್ನು ಮರಳಿ ಕೇಳಬೇಕೆಂಬ ಆಸೆ ನಮ್ಮ ಜನರಿಗೆ ಹೊಸದಲ್ಲ. ಗದಾಯುದ್ಧದ ಆಟವನ್ನು ನೋಡುವುದಕ್ಕೆ ರಾತ್ರಿಯೆಲ್ಲ ಬಯಲಲ್ಲಿ ಕುಳಿತಿರುವವರೊಳಗೆ, ದುರ್ಯೋಧನನ ತೊಡೆ ಮುರಿಯುವುದೆಂದು ಅರಿಯದವರು ಯಾರು? ಆದರೂ ಬೆಳಗಿನ ಜಾವದ ವರೆಗೆ ಕುಳಿತೇ ಇರುವರು. ಮುಂದೇನೆಂಬ ಆತುರ ತೀರಿದ ಮೇಲೆಯೇ ಪಾತ್ರಗಳ ಮನಸ್ಸು ಚೆನ್ನಾಗಿ ಕಾಣತೊಡಗುವುದು. ವಿಡಿಯೋ ಆಟಗಳಲ್ಲಿಯೂ ಈ ಗುಣವುಳ್ಳವು ಕೆಲವು ಉಂಟೆಂದರೆ, ಆ ಆಟಗಳನ್ನು ಬರಿಯ ಕಾಲಹರಣವೆಂದೆಣಿಸಿರುವ ಗೃಹಸ್ಥರು ನಮ್ಮನ್ನು ಕ್ಷಮಿಸಬೇಕು. ಅಂಥದೊಂದನ್ನು ನಾವು ಈಚೆಗೆ ಎರಡನೆಯ ಸಾರಿ ಆಡಿ ಮುಗಿಸಿದೆವು. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರಲ್ಲಿ ಅರಿಕೆ ಮಾಡುವೆವು.

ಪೋಲೆಂಡ್ ದೇಶದ ವಾರ್ಸಾ ಪಟ್ಟಣದ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆಯವರು 2015ನೆಯ ಇಸವಿ ಮೇ ತಿಂಗಳಲ್ಲಿ ‘ದಿ ವಿಚರ್ 3: ವೈಲ್ಡ್ ಹಂಟ್’ ಎಂಬ ಆಟವನ್ನು ಹೊರಡಿಸಿದರು. ಆ ದೇಶದ ಗ್ರಂಥಕರ್ತರಾದ ಆಂಜೆಯ್ ಸಾಪ್ಕೊವ್‌ಸ್ಕಿಯವರು 1986ರಲ್ಲಿ ಬರೆಯಲಾರಂಭಿಸಿದ ಕಥೆಗಳ ಗೆರಾಲ್ಟನೇ ಇದರ ನಾಯಕ. ಕೂಲಿ ಪಡೆದು ಭೂತ ಪಿಶಾಚಿಗಳನ್ನು ಸಂಹರಿಸುವುದು ಅವನ ವೃತ್ತಿ. ಆಡುವವನು ಆ ಪಾತ್ರವನ್ನು ತಾಳಿ, ಎಲ್ಲಿಗೆ ಹೋಗಬೇಕು, ಯಾರಿಗೆ ಏನೆಂದು ಉತ್ತರ ಕೊಡಬೇಕು ಎಂಬುದನ್ನು ತಾನೇ ನಿಶ್ಚಯಿಸುವನು. ಅದೇ ವರ್ಷ ಅಕ್ಟೋಬರ್ 13ರಂದು ಈ ಆಟಕ್ಕೆ ಅನುಬಂಧವಾಗಿ ‘ಹಾರ್ಟ್ಸ್ ಆಫ್ ಸ್ಟೋನ್’, ಎಂದರೆ ‘ಕಲ್ಲಿನ ಹೃದಯಗಳು’ ಎಂಬ ಕಥಾಭಾಗ ಬಂದಿತು. ಮರುವರ್ಷದ ‘ಬ್ಲಡ್ ಆಂಡ್ ವೈನ್’ ಇದಕ್ಕಿಂತ ದೊಡ್ಡದು, ನೋಟಕ್ಕೂ ಹೆಚ್ಚು ವೈಭವವುಳ್ಳದ್ದು. ಆದರೂ ನಮ್ಮ ಮನಸ್ಸನ್ನು ಮರಳಿ ಎಳೆದುದು ಸುಮಾರು 10 ಗಂಟೆಗಳಲ್ಲಿ ಮುಗಿಯುವ ಈ ಚಿಕ್ಕ ಕಥೆಯೇ.

ಓಲ್ಗಿಯೆರ್ಡ್ ಎಂಬವನು ಕುಲೀನ. ಆದರೆ ಮನೆತನ ಸಾಲದಲ್ಲಿ ಮುಳುಗಿತು. ಅವನು ಪ್ರೀತಿಸಿದ ಐರಿಸ್ ಎಂಬ ಕನ್ಯೆಯನ್ನು ಬಡವನಿಗೆ ಕೊಡಲು ತಾಯಿತಂದೆಗಳು ಒಪ್ಪಲಿಲ್ಲ. ಆಗ ಅವನು ಗಾಂಟರ್ ಓಡಿಮ್ ಎಂಬ ಮಾಯಾವಿಯೊಡನೆ ಕರಾರು ಮಾಡಿಕೊಂಡನು. ಹೋದ ಐಶ್ವರ್ಯ ಬಂದಿತು, ಮದುವೆಯಾಯಿತು, ಮರಣವೂ ದೂರವಾಯಿತು. ಬೆಲೆಯಾಗಿ ಒಡಹುಟ್ಟಿದ ವ್ಲೋದಿಮಿರನ ಪ್ರಾಣ ಹೋಯಿತು. ಎದೆ ದಿನದಿನಕ್ಕೆ ಕಲ್ಲಾಯಿತು. ಇನ್ನು ಮೂರು ಕೋರಿಕೆಗಳು ನೆರವೇರಿ, ಇಬ್ಬರೂ ಚಂದ್ರನ ಮೇಲೆ ನಿಂತ ಗಳಿಗೆಯಲ್ಲಿ ಅವನ ಆತ್ಮವು ಓಡಿಮನ ಪಾಲಾಗತಕ್ಕದ್ದು. ಆ ಕೋರಿಕೆಗಳನ್ನು ನೆರವೇರಿಸುವ ಕೆಲಸ, ಓಡಿಮನ ಋಣದಲ್ಲಿ ಸಿಕ್ಕಿದ ಗೆರಾಲ್ಟನ ತಲೆಗೆ ಬರುವುದು.

ಚಂದ್ರನ ಮೇಲೆ ನಿಲ್ಲುವ ಮನುಷ್ಯನಾರು ಎಂದು ಓಲ್ಗಿಯೆರ್ಡನ ಧೈರ್ಯ. ಕೊನೆಗೆ ಒಂದು ಪಾಳು ಗುಡಿಯ ನೆಲದಲ್ಲಿ ಬಣ್ಣದ ಹರಳುಗಳಿಂದ ಬಿಡಿಸಿದ ಚಂದ್ರಬಿಂಬದ ಮೇಲೆ ತಾನು ನಿಂತಿರುವುದು ಅವನಿಗೆ ತಿಳಿಯುವುದು. ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ ಎಂದು ವರ ಬೇಡಿದ ಹಿರಣ್ಯಕಶಿಪು ಸಂಜೆಯ ಹೊಸ್ತಿಲ ಮೇಲೆ ಮಡಿದುದನ್ನು ಕೇಳಿ ಬೆಳೆದ ನಮಗೆ ಈ ಯುಕ್ತಿ ಅಪರಿಚಿತವಲ್ಲ. ಪೋಲೆಂಡಿನ ಜನರಿಗೂ ಅಲ್ಲ. ಅವರಲ್ಲಿ ಟ್ವಾರ್ಡೋವ್‌ಸ್ಕಿ ಎಂಬ ಮಾಂತ್ರಿಕನ ಕಥೆಯುಂಟು. ರೋಮ್ ನಗರದಲ್ಲಲ್ಲದೆ ಬೇರೆಲ್ಲಿಯೂ ತನ್ನ ಆತ್ಮವನ್ನು ಒಯ್ಯಕೂಡದೆಂದು ಸೈತಾನನೊಡನೆ ಬರೆಯಿಸಿಕೊಂಡ ಅವನು, ‘ರೋಮ್’ ಎಂಬ ಹೆಸರಿನ ಒಂದು ಛತ್ರದಲ್ಲಿ ಸಿಕ್ಕಿಬಿದ್ದನಂತೆ. ಈಗಲೂ ಚಂದ್ರಲೋಕದಲ್ಲಿ ಕುಳಿತಿರುವನಂತೆ. ಆಟದವರು ಈ ಅಜ್ಜಿಯ ಕಥೆಯನ್ನೇ ಹೊಸ ಮಾತಿನಲ್ಲಿ ಹೇಳಿರುವರು. ಹಳೆಯ ಕಥೆಯ ಬೇರಿದ್ದುದರಿಂದಲೇ ಮರ ಗಟ್ಟಿಯಾಯಿತೆಂದು ನಮ್ಮ ಅಭಿಪ್ರಾಯ.

ಎರಡನೆಯ ಸಾರಿ ಆಡುವವನಿಗೆ ಕಾಣುವ ಸಂಗತಿಗಳು ಬೇರೆ. ಮೂಲ ಆಟದ ಆರಂಭದಲ್ಲಿ, ವೈಟ್ ಆರ್ಚರ್ಡ್ ಎಂಬ ಹಳ್ಳಿಯ ಛತ್ರದಲ್ಲಿ, ಗೆರಾಲ್ಟನಿಗೆ ದಾರಿ ಹೇಳುವ ಒಬ್ಬ ಕನ್ನಡಿ ವ್ಯಾಪಾರಿ ಇರುವನು. ಹೊಸಬನಿಗೆ ಅವನು ನೂರರಲ್ಲೊಬ್ಬ. ಮರಳಿ ಬಂದವನಿಗೆ ಅವನೇ ಓಡಿಮ್. ಹಲ್ಲುಕಿರಿದು ಉಪಕಾರ ಮಾಡುವ ಆ ಮನುಷ್ಯನನ್ನು ಕಂಡು ಮೈ ಜುಮ್ಮೆನ್ನುವುದು. ಮದುವೆಯ ಮನೆಯ ಪ್ರಸಂಗವೂ ಹಾಗೆಯೇ. ಮೊದಲನೆಯ ಕೋರಿಕೆಯಂತೆ ಸತ್ತ ವ್ಲೋದಿಮಿರನ ಪ್ರೇತವು ಗೆರಾಲ್ಟನ ಮೈಯಲ್ಲಿ ಹೊಕ್ಕು, ಒಂದು ರಾತ್ರಿ ಕುಣಿದು ಕುಡಿದು ನಲಿಯುವುದು. ಮೊದಲ ಸಾರಿ ನಕ್ಕೆವು. ಅಣ್ಣನ ವೈಭವಕ್ಕೆ ಬೆಲೆಯಾಗಿ ಹೋದವನು ಇವನೇ ಎಂದು ತಿಳಿದು ನೋಡಿದಾಗ, ಹೊತ್ತು ಮುಗಿದರೂ ಹೋಗಲೊಲ್ಲದ ಆ ಜೀವದ ಆಸೆ ಎದೆಯನ್ನು ಹಿಂಡಿತು.

ಮೂರನೆಯ ಕೋರಿಕೆಯೇ ಕಥೆಯ ಜೀವ. ಹೆಂಡತಿಯನ್ನು ಬಿಟ್ಟು ಹೊರಡುವಾಗ ತಾನು ಕೊಟ್ಟ ನೇರಳೆ ಬಣ್ಣದ ಗುಲಾಬಿಯನ್ನು ಓಲ್ಗಿಯೆರ್ಡನು ಕೇಳುವನು. ಐರಿಸಳು ಚಿತ್ರ ಬರೆಯುವವಳು. ಗಂಡನು ಮನೆಯಲ್ಲಿದ್ದೂ ಇಲ್ಲದವನಾದನು. ಬಳಿಕ ನಿಜವಾಗಿಯೇ ಹೊರಟುಹೋದನು. ಅವಳು ಆ ಪಾಳು ಮನೆಯಲ್ಲಿ ಒಂಟಿಯಾಗಿ ಸತ್ತು, ತಾನು ಬರೆದ ಚಿತ್ರದ ಲೋಕದಲ್ಲಿ ಸೆರೆಯಾಗಿರುವಳು. ಗೆರಾಲ್ಟನು ಅಲ್ಲಿಗೆ ಹೋಗಿ ಅವಳ ನೆನಪುಗಳನ್ನು ಒಂದೊಂದಾಗಿ ಕಾಣುವನು. ಕೊನೆಗೆ ಪ್ರಶ್ನೆ: ಗುಲಾಬಿಯನ್ನು ತೆಗೆದುಕೊಂಡರೆ ಆ ಲೋಕವೂ ಅವಳೂ ಇಲ್ಲವಾಗುವರು, ಬಿಟ್ಟರೆ ದುಃಖದ ನಡುವೆ ಉಳಿದ ಒಂದು ಸುಖದ ನೆನಪು ಅವಳಿಗೆ ಉಳಿಯುವುದು. ಮೊದಲ ಸಾರಿ ನಾವು ಹೂವನ್ನು ಅವಳ ಕೈಯಲ್ಲಿಯೇ ಬಿಟ್ಟಿದ್ದೆವು. ಈ ಸಾರಿ ತೆಗೆದುಕೊಂಡೆವು. ಎರಡರಲ್ಲಿ ಯಾವುದು ದಯೆಯೆಂದು ಆಟವು ಹೇಳುವುದಿಲ್ಲ, ನಮಗೂ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಕೂಡಿಯೂ ಮಾತಿಲ್ಲದೆ ಬಾಳುವವರ ವ್ಯಥೆಯನ್ನು ಇಷ್ಟು ಮೆಲ್ಲನೆ ಹೇಳಿದ ಆಟವನ್ನು ನಾವು ಬೇರೆ ಕಂಡಿಲ್ಲ.

ಕಡೆಯಲ್ಲಿ ಓಡಿಮನು ಆತ್ಮವನ್ನೊಯ್ಯಲು ನಿಂತಾಗ, ಗೆರಾಲ್ಟನು ಸುಮ್ಮನಿದ್ದು ಬಹುಮಾನ ಪಡೆಯಬಹುದು; ಅಥವಾ ತನ್ನ ಆತ್ಮವನ್ನೇ ಪಣವಾಗಿಟ್ಟು ಒಗಟೊಂದನ್ನು ಬಿಡಿಸಿ ಓಲ್ಗಿಯೆರ್ಡನನ್ನು ಉಳಿಸಬಹುದು. ತಮ್ಮನನ್ನು ಕಳೆದು, ಹೆಂಡತಿಯನ್ನು ತೊರೆದ ಇಂಥವನಿಗಾಗಿ ಪಣವೇಕೆ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಒಂದು ಸಂಗತಿಯನ್ನು ಯೋಚಿಸಬೇಕು. ಕಲ್ಲಿನ ಎದೆಯವನಿಗೆ ಪಶ್ಚಾತ್ತಾಪವೂ ಇಲ್ಲ. ಕರಾರು ಮುರಿದ ಕ್ಷಣದಲ್ಲಿಯೇ ಅವನ ಹೃದಯ ಮರಳುವುದು. ಅದರೊಡನೆ ಇಷ್ಟು ವರ್ಷದ ದುಃಖವೆಲ್ಲ ಒಟ್ಟಿಗೆ ಬಂದೆರಗುವುದು. ಉಳಿಸಿದ್ದು ಅವನಿಗೆ ಬಹುಮಾನವಲ್ಲ. ಮಾಡಿದ್ದನ್ನು ಅನುಭವಿಸುವ ಶಕ್ತಿಯನ್ನು ಅವನಿಗೆ ಹಿಂದಕ್ಕೆ ಕೊಟ್ಟಂತೆ. ಆದಕಾರಣ ನಾವು ಎರಡು ಸಾರಿಯೂ ಪಣವಿಟ್ಟೆವು.

ಈ ಆಟವು 18 ವರ್ಷ ತುಂಬಿದವರಿಗೆ ಮಾತ್ರವೆಂದು ಯುರೋಪಿನಲ್ಲಿ ಗೊತ್ತುಮಾಡಿರುವರು. ರಕ್ತಪಾತವೂ ಶೃಂಗಾರವೂ ಇರುವುದರಿಂದ ಆ ಎಚ್ಚರಿಕೆ ಯುಕ್ತವಾದದ್ದೇ. ಮಕ್ಕಳು ಮಲಗಿದ ಮೇಲೆ ದಂಪತಿಗಳು ಕೂಡಿ ಕುಳಿತು, ಒಬ್ಬರು ಆಡುತ್ತ ಒಬ್ಬರು ನೋಡುತ್ತ ಮುಗಿಸಬಹುದು. ಗುಲಾಬಿಯ ಪ್ರಶ್ನೆ ಬಂದಾಗ ಮಾತ್ರ ಆಟವನ್ನು ತುಸು ನಿಲ್ಲಿಸಿ, ಒಬ್ಬರನ್ನೊಬ್ಬರು ಕೇಳಿಕೊಂಡು ಉತ್ತರ ಕೊಡುವುದು ಮೇಲು.