ವಸ್ತುಪ್ರದರ್ಶನವನ್ನು ನೋಡುವ ಬಗೆ

ದಸರೆಗೆ ಮೈಸೂರಿಗೆ ಹೋದ ಗೃಹಸ್ಥರು ಅಲ್ಲಿನ ವಸ್ತುಪ್ರದರ್ಶನವನ್ನು ನೋಡದೆ ಹಿಂದಿರುಗುವುದು ಅಪರೂಪ. ಆದರೆ ಮನೆಗೆ ಬಂದ ಮೇಲೆ ವಿಚಾರಿಸಿದರೆ, ಕೊಂಡ ಬಳೆ, ಏರಿದ ರಾಟವಾಳ, ತಿಂದ ಡೆಲ್ಲಿ ಹಪ್ಪಳ ಇವುಗಳ ಹೊರತು ಬೇರೇನೂ ನೆನಪಿನಲ್ಲಿ ಉಳಿದಿರುವುದಿಲ್ಲ. ಹಪ್ಪಳದ ವಿಷಯದಲ್ಲಿ ನಾವೂ ನಿರಪರಾಧಿಗಳಲ್ಲ. ಆದರೂ 1880ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಈ ಪ್ರದರ್ಶನ ಮೊದಲಾದಾಗ ಹೊಸ ಹೊಸ ಉಪಕರಣಗಳು ಪ್ರಜೆಗಳ ಕಣ್ಣಿಗೆ ಬೀಳಲೆಂಬುದೇ ಅದರ ಉದ್ದೇಶವಾಗಿತ್ತು.

ಹೊರದೇಶಗಳ ಪ್ರದರ್ಶನಗಳ ವೈಭವವನ್ನು ಕೇಳಬೇಕೆ? 1958ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದುದನ್ನು ನೋಡಿದವರು ನಾಲ್ಕು ಕೋಟಿಗೂ ಮಿಕ್ಕಿದ್ದರು. ರಷ್ಯದವರು ತಮ್ಮ ಸ್ಪುಟ್ನಿಕ್ಕಿನ ಮಾದರಿಯನ್ನು ತಂದಿಟ್ಟರು. ಕಬ್ಬಿಣದ ಹರಳಿನ ಕಣವಿನ್ಯಾಸವನ್ನು 16,500 ಕೋಟಿ ಪಾಲು ಹಿಗ್ಗಿಸಿ, ಒಂಬತ್ತು ಗೋಳಗಳಿಂದ 102 ಮೀಟರು ಎತ್ತರದ ‘ಅಟೋಮಿಯಂ’ ಎಂಬ ಕಟ್ಟಡವನ್ನು ನಿಲ್ಲಿಸಿದರು. ಆರು ತಿಂಗಳಿಗೆಂದು ಕಟ್ಟಿದ್ದು ಇಂದಿಗೂ ನಿಂತಿದೆ.

ಬ್ರಸೆಲ್ಸಿನ ಬಾಗಿಲು ತೆರೆಯುವ ಹಿಂದಿನ ವರ್ಷ, 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನಿನ ಕಾರ್ಖಾನೆಯು ರಾಜಾಜಿನಗರಕ್ಕೆ ಬಂದು ನೆಲೆಸಿತು. ಆ ದಾರಿಯಲ್ಲಿ ಓಡಾಡುವವರಿಗೆ ಅದರ ಪರಿಮಳ ಚಿರಪರಿಚಿತ. ಆದರೆ ಅದರ ಹಿಂದಿನ ಕಥೆ ಅಷ್ಟು ಪರಿಚಿತವಲ್ಲ. ಮೈಸೂರಿನ ಶ್ರೀಗಂಧದ ಕೆತ್ತನೆಯ ಪೆಟ್ಟಿಗೆಗಳನ್ನು ಪರದೇಶದ ಪ್ರದರ್ಶನಗಳಲ್ಲಿ ಕಂಡು ತಲೆದೂಗಿದವರು ಬಹು ಮಂದಿ. ಹಾಗೆ ತಲೆದೂಗಿಸಿಕೊಂಡ ನಮ್ಮವರು ಮಾತ್ರ ಗಂಧದ ಕೊರಡುಗಳನ್ನು ಹಾಗೆಯೇ ಹಡಗಿಗೇರಿಸುತ್ತಿದ್ದರು. ಮರವನ್ನು ಪುಡಿಮಾಡಿ, ಅದರಲ್ಲಿ ಹಬೆಯನ್ನು ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲುವ ತೈಲವನ್ನು ಬೇರ್ಪಡಿಸುವ ವಿದ್ಯೆ ಜರ್ಮನಿಯವರ ಕೈಯಲ್ಲಿತ್ತು. ಲಾಭವೂ ಅಲ್ಲಿಯೇ ಉಳಿಯುತ್ತಿತ್ತು. 1914ರಲ್ಲಿ ಯುದ್ಧ ಹತ್ತಿಕೊಂಡು ಕೊರಡುಗಳನ್ನು ಕೊಳ್ಳುವವರಿಲ್ಲದಾದಾಗಲೇ ನಮಗೆ ಎಚ್ಚರವಾದದ್ದು. 1916ರಲ್ಲಿ ಬೆಂಗಳೂರಿನಲ್ಲಿ ತೈಲವನ್ನು ಇಳಿಸತೊಡಗಿದರು. ಸಾಬೂನಿನ ವಿದ್ಯೆಯನ್ನು ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವರು ಹಿಂದಿರುಗಿದ ಮೇಲೆ ಗಂಧದ ಸಾಬೂನು ತಯಾರಾಯಿತು.

ಗಾಜಿನ ಕಪಾಟಿನಲ್ಲಿಟ್ಟ ಪೆಟ್ಟಿಗೆಯು ಕೆತ್ತಿದವನ ಕೈಚಳಕವನ್ನು ಹೇಳೀತು; ಕೊರಡಿನೊಳಗೆ ಅಡಗಿದ ತೈಲದ ಬೆಲೆಯನ್ನು ಅದು ಹೇಳಲಾರದು. ಕೇಳಿ ತಿಳಿಯಬೇಕಾದ ಮಾತು ಅದು. ನಾವು ಕೇಳದೆ ಕಳೆದ ವರ್ಷಗಳಲ್ಲಿ ಎಷ್ಟು ಕೊರಡುಗಳು ಸಮುದ್ರವನ್ನು ದಾಟಿದುವೋ!

ಆದುದರಿಂದ ಮುಂದಿನ ದಸರೆಗೆ ಹೋಗುವ ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಯಾವುದಾದರೂ ಯಂತ್ರದ ಮುಂದೆ ನಿಂತು ‘ಅಮ್ಮಾ, ಇದು ಹೇಗೆ ತಿರುಗುತ್ತದೆ?’ ಎಂದು ಮಗುವು ಕೇಳಿದರೆ, ಹೊತ್ತಾಯಿತೆಂದು ಕೈಹಿಡಿದು ಎಳೆಯಬೇಡಿರಿ. ಅಲ್ಲಿ ನಿಂತಿರುವಾತನನ್ನೇ ಕೇಳಿರಿ. ಅವನಿಗೂ ತಿಳಿಯದಿದ್ದರೆ ತಿಳಿದವರನ್ನು ಕರೆಯಿಸಿರಿ. ಹಪ್ಪಳದ ಅಂಗಡಿಯನ್ನು ಅಷ್ಟು ಬೇಗನೆ ಮುಚ್ಚುವುದಿಲ್ಲ.