ಸೆಲ್ಫ್ ತೊಗೋವಲ್ದು!

ಬೆಂಗಳೂರಿನ ಗೃಹಿಣಿಯು ದಿನಸಿ ಅಂಗಡಿಯಲ್ಲಿ ಮುಟ್ಟಿ ನೋಡಿ ಆರಿಸುವ ಸೋನಾ ಮಸೂರಿ ಅಕ್ಕಿಯ ಚೀಲದ ಮೇಲೆ ಗಂಗಾವತಿಯ ಹೆಸರೋ ಕಾರಟಗಿಯ ಹೆಸರೋ ಅಚ್ಚಾಗಿರುವುದುಂಟು. ಅಕ್ಕಿ ಎಲ್ಲಿಂದ ಬಂತೆಂಬುದನ್ನು ಆಕೆ ಬಲ್ಲಳು. ಹೇಗೆ ಬಂತೆಂದು ಯೋಚಿಸುವ ಪ್ರಮೇಯ ಆಕೆಗೆ ಬರುವುದಿಲ್ಲ. ಆನೆಗೊಂದಿಯ ಸುತ್ತಮುತ್ತ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ಕೆಳಗೆ ಮೊದಲೂ ಭತ್ತ ಬೆಳೆಯುತ್ತಿತ್ತಾದರೂ, 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಎಡದಂಡೆಯ ಕಾಲುವೆಗೆ ಹರಿಯತೊಡಗಿದ ಮೇಲೆಯೇ ಗಂಗಾವತಿ ಸೀಮೆ ನಾಡಿನ ಭತ್ತದ ಕಣಜವೆನಿಸಿದ್ದು. ಆ ಕಣಜ ಬರಿದಾಗುವುದೂ ತುಂಬುವುದೂ ಲಾರಿಗಳಿಂದಲೇ. ಕುಷ್ಟಗಿಯ ದಾಳಿಂಬೆ, ಯಲಬುರ್ಗಾದ ಎರೆನೆಲದ ಕಡಲೆ, ಕೊಪ್ಪಳದ ಕಾರ್ಖಾನೆಗಳಿಗೆ ಬೇಕಾದ ಅದಿರು, ಎಲ್ಲವೂ ಗಾಲಿಗಳ ಮೇಲೆಯೇ ಸಾಗಬೇಕು. ಈ ಗಾಲಿಗಳಲ್ಲಿ ಎಷ್ಟೋ ಹಳೆಯವು.

ಸುಗ್ಗಿಯ ದಿನಗಳಲ್ಲಿ ಅಕ್ಕಿಯ ಗಿರಣಿಗಳ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಮುಂದಿನ ಲಾರಿ ತೂಕದ ಕಾಟಾಕ್ಕೆ ಸರಿದಂತೆಲ್ಲ ಹಿಂದಿನದು ಹತ್ತು ಮಾರು ಮುಂದುವರಿಯಬೇಕು. ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಡೀಸೆಲ್ ಸುಟ್ಟುಹೋಗುತ್ತದೆ. ಆದುದರಿಂದ ಚಾಲಕನು ನಿಲ್ಲಿಸುತ್ತಾನೆ, ಮತ್ತೆ ಚಾಲೂ ಮಾಡುತ್ತಾನೆ. ದೂರದ ಹಾದಿಯ ಲಾರಿ ದಿನಕ್ಕೆ ನಾಲ್ಕೈದು ಬಾರಿ ಚಾಲೂ ಆದರೆ, ಗಿರಣಿಯ ಮುಂದಿನ ಲಾರಿ ಅಷ್ಟನ್ನು ಒಂದೇ ತಾಸಿನಲ್ಲಿ ಮುಗಿಸುತ್ತದೆ. ಹೀಗೆ ಸವೆದು ಸವೆದು ಒಂದು ಮುಂಜಾವಿನಲ್ಲಿ ಚಾಲಕನು ಕೀಲಿಯನ್ನು ತಿರುವಿದಾಗ ‘ಟಿಕ್’ ಎಂಬ ಒಂದೇ ಶಬ್ದ ಬಂದು ಲಾರಿ ಮೌನವ್ರತ ಹಿಡಿಯುತ್ತದೆ.

“ಕಾಕಾ, ಬ್ಯಾಟರಿ ಹೊಸಾದೈತಿ. ಸೆಲ್ಫ್ ತೊಗೋವಲ್ದು!”

“ತಮ್ಮಾ, ಮೊದ್ಲು ಟರ್ಮಿನಲ್ ತೊಳಿ. ಆಮ್ಯಾಲೆ ಸೆಲ್ಫ್ ಬಿಚ್ಚೂಣು.”

ಆ ಸೀಮೆಯ ಗ್ಯಾರೇಜುಗಳಲ್ಲಿ ಚಾಲಕನಿಗೂ ಮಿಸ್ತ್ರಿಗೂ ನಡೆಯುವ ಸಂಭಾಷಣೆ ಬಹುತೇಕ ಇಷ್ಟೇ. ಎಂಜಿನ್ನನ್ನು ಚಾಲೂ ಮಾಡುವ ವಿದ್ಯುತ್ ಮೋಟಾರಿಗೆ ಇಲ್ಲಿಯ ಹೆಸರು ‘ಸೆಲ್ಫ್’. ಮೊದಲ ಕಾಲದ ವಾಹನಗಳಿಗೆ ಈ ಸೌಭಾಗ್ಯವಿರಲಿಲ್ಲ. ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ, ಆಳೊಬ್ಬನು ಬಲವೆಲ್ಲ ಹಾಕಿ ತಿರುವಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದಿತೆಂದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು ಹಿಡಿಯಬೇಕೆಂದು ಹಳಬರು ಹೊಸಬರಿಗೆ ಬೋಧಿಸುತ್ತಿದ್ದುದು ಇದಕ್ಕಾಗಿಯೇ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ಈ ಕಷ್ಟವನ್ನು ಪರಿಹರಿಸಿದನು. ಆತ ಅದಕ್ಕೆ ಮುಂಚೆ ಅಂಗಡಿಗಳ ಹಣದ ಯಂತ್ರದ ಗಲ್ಲೆಯನ್ನು ತೆರೆಯಲು ಪುಟ್ಟ ಮೋಟಾರೊಂದನ್ನು ರಚಿಸಿದ್ದವನು. ದಿನವಿಡೀ ದುಡಿಯಬೇಕಾದ ಮೋಟಾರು ದೊಡ್ಡದಾಗಿರಬೇಕು. ಕ್ಷಣಕಾಲ ದುಡಿದು ವಿಶ್ರಮಿಸುವುದಾದರೆ ಚಿಕ್ಕದೂ ಭಾರಿ ಬಲ ಕೊಡಬಲ್ಲುದು ಎಂಬುದು ಆತನಿಗೆ ಅಲ್ಲಿ ಹೊಳೆದ ಸತ್ಯ. 1912ರ ಕ್ಯಾಡಿಲಾಕ್ ಕಾರಿಗೆ ಆತನ ಸಾಧನ ಕೂತಿತು. ಭಾರತದ ವಾಹನಗಳಿಗೆ ಇಂಥವನ್ನು ತಯಾರಿಸುವ ಲೂಕಾಸ್–ಟಿವಿಎಸ್ ಸಂಸ್ಥೆ ಮದರಾಸಿನಲ್ಲಿ ಸ್ಥಾಪನೆಯಾದುದು 1961ರಲ್ಲಿ.

ಈ ಮೋಟಾರಿನ ಗುಟ್ಟನ್ನು ಅರಿಯಲು ಗ್ಯಾರೇಜಿಗೆ ಹೋಗಬೇಕಿಲ್ಲ. ಅಡುಗೆಮನೆಯ ಮಿಕ್ಸಿ ಸಾಕು. ಚಟ್ನಿ ರುಬ್ಬುವಾಗ ಮಿಕ್ಸಿಯ ಹಿಂದಿನ ಕಿಂಡಿಯಲ್ಲಿ ನೀಲಿ ಕಿಡಿ ಮಿನುಗುವುದನ್ನು ಕಂಡವರುಂಟು. ತಿರುಗುವ ತಾಮ್ರದ ಪಟ್ಟಿಗಳ ಮೇಲೆ ಕಾರ್ಬನ್ ಬ್ರಷ್ಷುಗಳು ಉಜ್ಜುತ್ತ ಒಳಗಿನ ಸುರುಳಿಗಳಿಗೆ ವಿದ್ಯುತ್ತನ್ನು ದಾಟಿಸುತ್ತವೆ. ಲಾರಿಯ ಸೆಲ್ಫ್ ಮಿಕ್ಸಿಯ ಅಣ್ಣನೇ ಸರಿ. ಆದರೆ ಅಣ್ಣನ ಹಸಿವು ದೊಡ್ಡದು. ಅರವತ್ತು ವ್ಯಾಟಿನ ದೀಪಕ್ಕೆ ಮನೆಯಲ್ಲಿ ಕಾಲು ಆಂಪಿಯರ್ ಸಾಕು. ಸೆಲ್ಫ್ ಎಂಜಿನ್ನನ್ನು ಕದಲಿಸುವ ಮೊದಲ ಕ್ಷಣದಲ್ಲಿ ನೂರಾರು ಆಂಪಿಯರ್ ಎಳೆಯುತ್ತದೆ. ಡೀಸೆಲ್ ಎಂಜಿನ್ನು ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಅದುಮಿ, ಆ ಅದುಮಿನ ಕಾವಿನಿಂದಲೇ ಎಣ್ಣೆಗೆ ಬೆಂಕಿ ಹತ್ತಿಸುವಂಥದು. ಮೆಲ್ಲನೆ ತಿರುಗಿಸಿದರೆ ಕಾವು ಸೋರಿಹೋಗುತ್ತದೆ, ಬೆಂಕಿ ಹತ್ತುವುದಿಲ್ಲ. ಆದುದರಿಂದಲೇ ಸೆಲ್ಫಿನ ಗುಂಡಿಯನ್ನು ಒಂದೇ ಸಮನೆ ಒತ್ತಿಹಿಡಿಯುವುದು ತಪ್ಪು. ಹತ್ತು ಸೆಕೆಂಡು ಒತ್ತಿ, ಬಿಟ್ಟು, ತುಸು ಹೊತ್ತು ತಣಿಯಗೊಟ್ಟು ಮತ್ತೆ ಒತ್ತತಕ್ಕದ್ದು. ಅವಸರದ ಚಾಲಕನು ಸುಟ್ಟಿರುವ ಸೆಲ್ಫುಗಳಿಗೆ ಲೆಕ್ಕವಿಲ್ಲ.

ಮಿಸ್ತ್ರಿಯು ಮೊದಲು ಟರ್ಮಿನಲ್ ತೊಳೆಯಲು ಹೇಳಿದ್ದು ಸುಮ್ಮನೆಯಲ್ಲ. ಬ್ಯಾಟರಿಯ ಕೊಂಬುಗಳ ಮೇಲೆ ಕಟ್ಟಿದ ಬಿಳಿ–ಹಸಿರು ಪಾಚಿಯೂ, ಚಾಸಿಗೆ ಬಿಗಿದ ಅರ್ತ್ ಪಟ್ಟಿಯ ತುಕ್ಕೂ ಆ ನೂರಾರು ಆಂಪಿಯರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತವೆ. ದೊಡ್ಡ ದೀಪಗಳನ್ನು ಹಚ್ಚಿಟ್ಟು ಸೆಲ್ಫ್ ಒತ್ತಿ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ದೀಪ ಪೂರ್ತಿ ಕುಂದಿದರೆ ಬ್ಯಾಟರಿಯನ್ನೋ ಕೀಲುಗಳನ್ನೋ ಶಂಕಿಸಬೇಕು. ದೀಪ ಕುಂದದೆ ಸೆಲ್ಫ್ ಮಾತ್ರ ಸುಮ್ಮನಿದ್ದರೆ ಸಾಲಿನಾಯ್ಡನ್ನೋ ಕಾರ್ಬನ್ನುಗಳನ್ನೋ ಶಂಕಿಸಬೇಕು. ಈ ಪರೀಕ್ಷೆಗೆ ಕಾಸೂ ಖರ್ಚಿಲ್ಲ, ಆದರೂ ಇದನ್ನು ಮಾಡದೆಯೇ ಹೊಸ ಬ್ಯಾಟರಿ ಕೊಳ್ಳುವವರೇ ಹೆಚ್ಚು.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿಯ ಅರ್ತ್ ತಂತಿಯನ್ನು ಮೊಟ್ಟಮೊದಲು ತೆಗೆಯುವುದು ಶಾಸ್ತ್ರ. ತಪ್ಪಿದರೆ ಪಾನಾ ಚಾಸಿಗೆ ತಗುಲಿ ಬೆಂಕಿಯ ಕಿಡಿ ಹಾರುತ್ತದೆ. ಕೆಳಗಿಳಿಸಿದ ಮೋಟಾರನ್ನು ಗೋಣಿಯ ಮೇಲೆ ಮಲಗಿಸಿ ತೆರೆದಾಗ ಕರಿಯ ಪುಡಿ ಸುರಿಯುತ್ತದೆ. ಅದು ಸವೆದ ಕಾರ್ಬನ್. ಬ್ರಷ್ಷುಗಳು ಅರ್ಧಕ್ಕಿಂತ ಸವೆದಿದ್ದರೆ ಬದಲಿಸಬೇಕು, ಅವುಗಳನ್ನು ಅದುಮುವ ಸ್ಪ್ರಿಂಗುಗಳೂ ಬಿಗಿಯಾಗಿರಬೇಕು. ತಾಮ್ರದ ಪಟ್ಟಿಗಳಿರುವ ಕಮ್ಯುಟೇಟರಿನಲ್ಲಿ ಗೀರುಬಿದ್ದಿದ್ದರೆ ಆರ್ಮೇಚರನ್ನು ಲೇತಿಗೆ ಏರಿಸಿ ಹಗುರವಾಗಿ ಹೊರಸುತ್ತು ತೆಗೆಯುತ್ತಾರೆ. ಅಷ್ಟರಿಂದಲೇ ಮುಗಿಯಲಿಲ್ಲ. ಪಟ್ಟಿಪಟ್ಟಿಗಳ ನಡುವೆ ಅಭ್ರಕದ ತೆಳುಪದರವಿದೆ. ತಾಮ್ರಕ್ಕಿಂತ ಅದು ಗಟ್ಟಿ. ತಾಮ್ರ ಸವೆದಂತೆ ಅದು ಮೇಲೆದ್ದು ಬ್ರಷ್ಷನ್ನು ಕುಣಿಸತೊಡಗುತ್ತದೆ. ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ತೇದು ತೆಳ್ಳಗೆ ಮಾಡಿ, ಒಂದೊಂದೇ ಸಂದಿನ ಅಭ್ರಕವನ್ನು ತಾಮ್ರದ ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿಸುವ ಮಿಸ್ತ್ರಿಯ ತಾಳ್ಮೆ ಅಕ್ಕಸಾಲಿಗನದನ್ನು ನೆನಪಿಗೆ ತರುತ್ತದೆ. ಈ ಕೆಲಸವನ್ನು ತಪ್ಪಿಸಿದ ಗ್ಯಾರೇಜಿನ ಸೆಲ್ಫ್ ತಿಂಗಳೊಪ್ಪತ್ತಿನಲ್ಲಿ ಮರಳಿ ಬರುತ್ತದೆ.

ಆಮೇಲೆ ಬುಷ್ಷುಗಳ ಸರದಿ. ದಂಡದ ತುದಿಗಳನ್ನು ಹೊತ್ತ ಈ ಕಂಚಿನ ಬಳೆಗಳು ಸವೆದರೆ ಆರ್ಮೇಚರ್ ಓಲಾಡಿ ಸುತ್ತಲಿನ ಕಂಬಗಳಿಗೆ ಉಜ್ಜುತ್ತದೆ. ಉಜ್ಜಿದ ಹೊಳಪು ಕಣ್ಣಿಗೆ ಕಂಡೊಡನೆ ಅನುಭವಿ ಮಿಸ್ತ್ರಿಯು ಬೇರೇನನ್ನೂ ನೋಡುವ ಮೊದಲು ಬುಷ್ ಬದಲಿಸುತ್ತಾನೆ. ಹೊಸ ಬುಷ್ಷನ್ನು ಕೂಡಿಸುವ ಮುನ್ನ ಎಣ್ಣೆಯಲ್ಲಿ ನೆನೆಹಾಕುತ್ತಾನೆ. ಸುರುಳಿಗಳು ಒಳಗೊಳಗೇ ಸುಟ್ಟಿವೆಯೋ ಎಂಬುದನ್ನು ಗ್ರೌಲರ್ ಎಂಬ ಗುರುಗುಟ್ಟುವ ಅಯಸ್ಕಾಂತದ ಮೇಲಿಟ್ಟು ನೋಡುವುದುಂಟು: ಉಕ್ಕಿನ ಬ್ಲೇಡನ್ನು ಆರ್ಮೇಚರಿನ ಮೇಲೆ ಹಿಡಿದಾಗ ಕೆಟ್ಟ ಸುರುಳಿಯ ಎದುರಿಗೆ ಬ್ಲೇಡು ನಡುಗುತ್ತದೆ. ಸುಟ್ಟ ಆರ್ಮೇಚರನ್ನು ಉಳಿಸಿಕೊಳ್ಳುವ ಆಸೆ ಬೇಡ. ಬದಲಿಸುವುದೇ ಲೇಸು.

ತುದಿಯಲ್ಲಿರುವ ಪುಟ್ಟ ಹಲ್ಲುಗಾಲಿಗೆ ಊರ ಬಾಯಲ್ಲಿ ‘ಬೆಂಡಿಕ್ಸ್’ ಎಂದು ಹೆಸರು. ಸಾಲಿನಾಯ್ಡ್ ಅದನ್ನು ಮುಂದಕ್ಕೆ ನೂಕಿ ಎಂಜಿನ್ನಿನ ದೊಡ್ಡ ಚಕ್ರದ ಹಲ್ಲಿಗೆ ಕಚ್ಚಿಸುತ್ತದೆ. ಎಂಜಿನ್ ತಾನಾಗಿ ಓಡತೊಡಗಿದೊಡನೆ ಒಮ್ಮುಖ ಕ್ಲಚ್ಚು ಬೆಂಡಿಕ್ಸನ್ನು ಸಡಿಲಬಿಡುತ್ತದೆ. ಬಿಡದಿದ್ದರೆ ಎಂಜಿನ್ನೇ ಪುಟ್ಟ ಮೋಟಾರನ್ನು ಹತ್ತು ಹದಿನೈದು ಪಟ್ಟು ವೇಗದಲ್ಲಿ ತಿರುಗಿಸಿ ಅದರ ಸುರುಳಿಗಳನ್ನು ಕಿತ್ತೆಸೆದೀತು.

ಇಷ್ಟು ಕೆಲಸಕ್ಕೆ ಹೊಸ ಸೆಲ್ಫಿನ ಬೆಲೆಯ ಒಂದು ಪಾಲು ಸಾಕು. 15 ವರ್ಷ ದಾಟಿದ ಲಾರಿಗಳ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲಿನಿಂದ ಹಲವು ಪಟ್ಟು ಏರಿದ ಮೇಲೆ, ಒಂದೇ ಲಾರಿಯನ್ನು ನಂಬಿ ಮಕ್ಕಳ ಶಾಲೆಯ ಫೀಜನ್ನೂ ಸಾಲದ ಕಂತನ್ನೂ ತೂಗಿಸುವ ಮಾಲೀಕನಿಗೆ ಈ ವ್ಯತ್ಯಾಸ ಸಣ್ಣದಲ್ಲ. ರಿಪೇರಿಗೂ ಹಣ ಹೊಂದದಿದ್ದಾಗ ಆತ ತಳ್ಳಿಸುತ್ತಾನೆ, ಇಳಿಜಾರು ಹುಡುಕುತ್ತಾನೆ. ಕುಷ್ಟಗಿ, ಯಲಬುರ್ಗಾಗಳ ದಿಣ್ಣೆಗಳಲ್ಲಿ ಅದು ಸಾಧ್ಯ. ಗಂಗಾವತಿಯ ಗದ್ದೆಬಯಲಿನಲ್ಲಿ ಇಳಿಜಾರೆಲ್ಲಿ? ಹಮಾಲರ ಹೆಗಲೇ ಗತಿ.

ಇನ್ನೊಂದು ಹಾದಿಯುಂಟು, ಪ್ರಾಣಕ್ಕೆ ಎರವಾಗುವಂಥದು. ಕ್ಲೀನರ್ ಹುಡುಗನು ಲಾರಿಯ ಅಡಿಗೆ ನುಸುಳಿ ಸಾಲಿನಾಯ್ಡಿನ ಎರಡು ಬೋಲ್ಟುಗಳಿಗೆ ಪಾನಾ ಅಡ್ಡವಿಟ್ಟು ಕಿಡಿ ಹಾರಿಸುತ್ತಾನೆ, ಮೋಟಾರು ತಿರುಗುತ್ತದೆ. ಗೇರು ಹಾಕಿದ್ದರೆ ಲಾರಿಯೇ ಮುಂದೆ ಹೊರಡುತ್ತದೆ. ಹಳೆಯ ಡೀಸೆಲ್ ಎಂಜಿನ್ನಿಗೆ ಕೀಲಿಯ ಹಂಗಿಲ್ಲ. ಕೀಲಿ ಚಾಲಕನ ಜೇಬಿನಲ್ಲಿದ್ದರೂ, ಪಂಪಿನ ಸ್ಟಾಪ್ ಎಳೆಯದಿದ್ದರೆ ಅದು ಹೊತ್ತಿಕೊಂಡೇ ತೀರುತ್ತದೆ. ಅಡಿಯಲ್ಲಿರುವ ಹುಡುಗನಿಗೂ ಗಾಲಿಗೂ ನಡುವೆ ಆಗ ಏನೂ ಇರುವುದಿಲ್ಲ. ಗೇರನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲುಕೊಟ್ಟು, ಚಾಲಕನನ್ನು ಆಸನದಲ್ಲಿ ಕೂರಿಸಿದ ಹೊರತು ಯಾವ ಮಿಸ್ತ್ರಿಯೂ ಯಾವ ಹುಡುಗನನ್ನೂ ಅಡಿಗೆ ಕಳುಹಿಸಕೂಡದು. ನೂರು ರೂಪಾಯಿಯ ಕಾರ್ಬನ್ನಿಗೆ ಜಿಪುಣತನ ತೋರಿ ಹುಡುಗನ ಜೀವವನ್ನು ಪಣಕ್ಕಿಡುವ ಮಾಲೀಕನಿಗೆ ಯಾವ ಬಡತನವೂ ಸಮರ್ಥನೆಯಾಗದು.

ಕೆಲವೊಮ್ಮೆ ಸೆಲ್ಫ್ ಹೊಸತರಂತಾದರೂ ‘ಕರ್ರ್’ ಎಂಬ ಸದ್ದು ಹೋಗುವುದಿಲ್ಲ. ದೋಷ ದೊಡ್ಡ ಚಕ್ರದ ಹಲ್ಲಿನ ಬಳೆಯದು. ಎಂಜಿನ್ ನಿಲ್ಲುವಾಗ ಅದುಮಿದ ಗಾಳಿ ತಡೆಯುವುದರಿಂದ ಅದು ಯಾವಾಗಲೂ ಎರಡು ಮೂರು ಜಾಗಗಳಲ್ಲಿಯೇ ಬಂದು ನಿಲ್ಲುತ್ತದೆ; ಬೆಂಡಿಕ್ಸ್ ಆ ಹಲ್ಲುಗಳನ್ನೇ ಮತ್ತೆ ಮತ್ತೆ ಕಚ್ಚಿ ಮೊಂಡು ಮಾಡುತ್ತದೆ. ಹೊಸ ಬಳೆಯನ್ನು ಕಾಯಿಸಿ ಹಿಗ್ಗಿಸಿ ಚಕ್ರಕ್ಕೆ ತೊಡಿಸಬೇಕು. ತಣಿದಾಗ ಅದು ತಾನೇ ಬಿಗಿಯುತ್ತದೆ. ಆದರೆ ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಲಾರಿ ದಿನಗಟ್ಟಲೆ ನಿಲ್ಲಬೇಕು. ಸುಗ್ಗಿ ಮುಗಿಯಲಿ ಎನ್ನುತ್ತಾನೆ ಮಾಲೀಕ. ಅಲ್ಲಿಯವರೆಗೆ ಸದ್ದು ಬಂದಾಗಲೆಲ್ಲ ಎಂಜಿನ್ನನ್ನು ಸನ್ನೆಗೋಲಿನಿಂದ ಒಂದು ಹಲ್ಲಿನಷ್ಟು ಸರಿಸಿ, ಮತ್ತೆ ಸೆಲ್ಫ್ ಒತ್ತಿ, ಸರತಿಯಲ್ಲಿ ಹತ್ತು ಮಾರು ಮುಂದೆ ಹೋಗುತ್ತಾರೆ.